ಕಂಬಳಿ ಸರಿದ ಮಧ್ಯಾಹ್ನ

ಗಂಡನಿಗೆ ಕೊಟ್ರಮ್ಮ ಮೊಟ್ಟಮೊದಲು ತೋರಿಸಿದ್ದು ತನ್ನ ನಾಲಿಗೆಯನ್ನು.

ಮೊಳಕಾಲ್ಮೂರಿನ ಆಸ್ಪತ್ರೆಯ ಹೆಂಗಸರ ಕೋಣೆಯಲ್ಲಿ ಆಗ ಅವಳೊಬ್ಬಳೇ ರೋಗಿ. ಬೆಳಗಿನ ಬಿಸಿಲು ಹೊಸ್ತಿಲು ದಾಟಿ ಮಂಚದ ಕಾಲಿಗೆ ಬಂದು ನಿಂತಿತ್ತು. "ಗಾಯಕ್ಕೆ ಔಷಧಿ ಹಚ್ಚೋಕೆ ಕಾಂಪೌಂಡರು ಬರ್ತಾರೆ, ಬಾಯಿ ಬಿಟ್ಟು ತೋರ್ಸು ತಲ್ಲೀ" ಎಂದು ಹೇಳಿ ಆಯಾ ಕರಿಯಕ್ಕ ನೀರಿಗೆ ಹೋಗಿದ್ದಳು. ಅಷ್ಟರಲ್ಲಿ ಬಿಳಿ ಅಂಗಿ ತೊಟ್ಟ ಎತ್ತರದ ಹುಡುಗನೊಬ್ಬ ಕೈಯಲ್ಲಿ ಸೀಸೆ ಹಿಡಿದು ಬಾಗಿಲಿಗೆ ಬಂದ. ಪರಗಂಡಸಿನ ಮುಂದೆ ಬಾಯಿ ತೆರೆಯುವುದೆಂದರೆ ಅವಳಿಗೆ ಜೀವ ಹಿಡಿಯಾಗುತ್ತಿತ್ತು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ನಾಲಿಗೆ ಚಾಚಿದಳು.

ಅವನು ಏನೂ ಹಚ್ಚಲಿಲ್ಲ. ಬಗ್ಗಿ ನೋಡುತ್ತಿದ್ದಾನೆಂದು ಮಾತ್ರ ಅವನ ಉಸಿರಿನಿಂದ ತಿಳಿಯಿತು.

"ಬಾಳ ಕಚ್ಕೊಂಡಿದೀಯಲ್ಲ. ನೋವೈತಾ?"

ನಾಲಿಗೆ ಚಾಚಿಕೊಂಡೇ ಅವಳು ಹೂಂಗುಟ್ಟಿದಳು.

"ಸಾಕು, ಒಳಗೆ ಹಾಕ್ಕೊ. ಒಣಗಿಹೋದೀತು."

ಆ ದನಿಯಲ್ಲಿ ನಗು ಇತ್ತು. ಕೊಟ್ರಮ್ಮ ಕಣ್ಣು ತೆರೆದಳು. "ಔಷಧಿ ಹಚ್ಚಲ್ವಾ?"

"ಇದು ಜೇನುತುಪ್ಪ. ನಿಮ್ಮಜ್ಜಿಗೆ ಅಂತ ತಂದೆ."

"ನೀವು ಕಾಂಪೌಂಡರಲ್ವಾ?"

"ಅಲ್ಲ." ಅವನ ಕಿವಿ ಕೆಂಪಾದವು. ಸೀಸೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. "ಚಳ್ಳಕೆರೆಯೋನು. ಜಯದೇವಪ್ಪ ಅಂತ."

ಆ ಹೆಸರನ್ನು ಅವಳು ಒಮ್ಮೆಯೂ ಬಾಯಲ್ಲಿ ಆಡಿರಲಿಲ್ಲ, ಆಡುವಂತೆಯೂ ಇರಲಿಲ್ಲ. ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು. ಸುಣ್ಣದ ಗೋಡೆ ತಣ್ಣಗಿತ್ತು. ಅದರೊಳಗೆ ಹೊಕ್ಕು ಮಾಯವಾಗುವ ದಾರಿಯೊಂದಿದ್ದರೆ ಸಾಕಿತ್ತು.

ಅವಳ ಮದುವೆ ಆದಾಗ ಅವಳಿನ್ನೂ ಲಂಗ ಉಡುವ ಕೂಸು. ಗಂಡಿನ ಮುಖಕ್ಕೆ ಬಾಸಿಂಗ ಅಡ್ಡವಿತ್ತು. ಆಮೇಲೆ ಅವನು ಚಳ್ಳಕೆರೆಯ ಹತ್ತಿ ಅಂಗಡಿಯಲ್ಲಿ ಬೆಳೆದ, ಅವಳು ಕೊಂಡ್ಲಹಳ್ಳಿಯ ತೊಟ್ಟಿಮನೆಯಲ್ಲಿ ಬೆಳೆದಳು. ದೊಡ್ಡವಳಾದ ಮೇಲೆ ಒಸಗೆ ಮಾಡಿ ಗಂಡನ ಮನೆಗೆ ಕಳಿಸಬೇಕಿತ್ತು. ಕಳಿಸುವ ಹೊತ್ತಿಗೆ ಅದು ಶುರುವಾಯಿತು.

ಪಡಸಾಲೆಯಲ್ಲಿ ಕಡಲೆಕಾಯಿ ಸುಲಿಯುತ್ತ ಕೂತವಳು ಒಮ್ಮೆ ಹಾಗೆಯೇ ಉರುಳಿದಳು. ಆಗ ಅಜ್ಜಿ ಸಿದ್ದಕ್ಕ ಮೊದಲು ಮಾಡಿದ ಕೆಲಸವೆಂದರೆ ಗೂಟದ ಮೇಲಿನ ಕರಿಕಂಬಳಿ ಎಳೆದು ಮೊಮ್ಮಗಳ ಮೇಲೆ ಪೂರಾ ಹೊದಿಸಿದ್ದು. ಹೆಣ್ಣುಮಗಳ ಕೈಕಾಲು ಹಾಗೆ ಆಡುವುದು ಕಂಡವರ ಕಣ್ಣಿಗೆ ಬೀಳಬಾರದು. ಅಲ್ಲಿಂದ ಅದೇ ಮನೆಯ ಪದ್ಧತಿಯಾಯಿತು. ಮೈ ನಡುಗಿತೆಂದರೆ ಕಂಬಳಿ ಬೀಳುತ್ತಿತ್ತು. ಅಪ್ಪ, ಅವ್ವ, ಆಳುಗಳು ಎಲ್ಲರೂ ಮುಖ ಆಚೆ ತಿರುಗಿಸಿ ನಿಲ್ಲುತ್ತಿದ್ದರು. ಕಂಬಳಿ ಅಲುಗುವುದು ನಿಂತ ಮೇಲೆ ಕೈಗೆ ಬೀಗದ ಕೈ ಗೊಂಚಲು ತುರುಕಿ, ಮೂಗಿಗೆ ಈರುಳ್ಳಿ ಹಿಡಿಯುತ್ತಿದ್ದರು. ಬೀಗರು ಕೇಳಿ ಕಳಿಸಿದಾಗಲೆಲ್ಲ ಅವ್ವ ಒಂದೊಂದು ನೆಪ ಹೇಳಿದಳು: ಮೈಯಲ್ಲಿ ಹುಷಾರಿಲ್ಲ, ಮನೆಯಲ್ಲಿ ಸೂತಕ, ಊರಲ್ಲಿ ಪ್ಲೇಗಿನ ಭಯ.

ಕೊನೆಗೆ ಅಪ್ಪ ಜಂಬುಲಿಂಗಪ್ಪನೇ ಬಂಡಿ ಕಟ್ಟಿಸಿದ. ಚಳ್ಳಕೆರೆಯ ಆಸ್ಪತ್ರೆಗೆ ಹೋದರೆ ಬೀಗರ ಕಣ್ಣಿಗೆ ಬೀಳುತ್ತದೆಂದು ಮೊಳಕಾಲ್ಮೂರಿಗೆ ಕರೆತಂದ. ಊರಿಗೆಲ್ಲ ಅಜ್ಜಿ ಮೊಮ್ಮಗಳು ನುಂಕೆಮಲೆಗೆ ಹರಕೆ ತೀರಿಸಲು ಹೋಗಿದ್ದಾರೆಂದು ಹೇಳಿದ್ದಾಯಿತು.

ಡಾಕ್ಟರು ಮೈಸೂರು ಕಡೆಯವರು, ನಿಧಾನದ ಮನುಷ್ಯ. ಅವರು ಕೇಳಿದ್ದು ಸಣ್ಣ ಸಣ್ಣ ಪ್ರಶ್ನೆ. ಯಾವ ಕೈ ಮೊದಲು ಅದುರುತ್ತೆ? ಕಣ್ಣು ತೆರೆದಿರುತ್ತಾ, ಮುಚ್ಚಿರುತ್ತಾ? ಮುಖ ಯಾವ ಕಡೆ ತಿರುಗುತ್ತೆ?

ಅಪ್ಪ ನೆಲ ನೋಡಿದ. "ಕಂಬಳಿ ಹೊದಿಸಿರ್ತೀವಿ ಸ್ವಾಮಿ."

"ಹಾಗಾದ್ರೆ ಹುಡುಗಿ ಇಲ್ಲೇ ಇರ್ಲಿ. ಬರೋವಾಗ ಕಣ್ಣಾರೆ ನೋಡಬೇಕು. ಮೂರ್ಛೆ ರೋಗ ಆದ್ರೆ ಅದಕ್ಕೆ ಔಷಧಿ ಇದೆ. ಮನಸ್ಸಿನ ಸಂಕಟಕ್ಕೆ ಬರೋ ಫಿಟ್ಸ್ ಆದ್ರೆ ಆ ಔಷಧಿ ಕೊಟ್ಟು ಪ್ರಯೋಜನ ಇಲ್ಲ. ಯಾವುದು ಅಂತ ನೋಡದೆ ಹೇಳೋದು ಹೇಗೆ?"

ಹೀಗೆ ಅವಳು ಮಂಚದ ಮೇಲೆ ಕೂತು ತಾನು ಬೀಳುವುದನ್ನು ಕಾಯತೊಡಗಿದಳು. ಅದು ಬಂದೂ ಬಂತು, ನಿನ್ನೆ ಬೆಳಗ್ಗೆ. ಡಾಕ್ಟರು ಪಕ್ಕದ ಕೋಣೆಯಿಂದ ಓಡಿ ಬರುವಷ್ಟರಲ್ಲಿ ಸಿದ್ದಕ್ಕಜ್ಜಿಯ ಕೈ ತನ್ನ ಅಭ್ಯಾಸದ ಕೆಲಸ ಮುಗಿಸಿತ್ತು. ಅವರು ಕಂಬಳಿ ತೆಗೆಯುವ ಹೊತ್ತಿಗೆ ಎಲ್ಲ ಮುಗಿದು ಅವಳು ನಿದ್ದೆ ಹೋಗಿದ್ದಳು. "ನಾನು ಕಂಬಳೀನ ನೋಡ್ದೆ ಅಜ್ಜಿ, ಹುಡುಗೀನ ನೋಡ್ಲಿಲ್ಲ" ಎಂದರಂತೆ.

ಉಳಿದದ್ದು ಕಚ್ಚಿಕೊಂಡ ನಾಲಿಗೆ ಒಂದೇ. ಅದನ್ನು ತೋರಿಸಿದ್ದಾಯಿತು, ತೋರಿಸಬಾರದವರಿಗೆ.

*

ಅವನು ಹೋಗುತ್ತಾನೆಂದುಕೊಂಡಳು. ಅವನು ಹೋಗಲಿಲ್ಲ. ಪೇಟೆಯಲ್ಲಿ ಗುರುತಿನ ನೇಕಾರರ ಮನೆಯಲ್ಲಿ ಇಳಿದುಕೊಂಡು ದಿನಾ ಬರತೊಡಗಿದ. ಕೊಂಡ್ಲಹಳ್ಳಿಯ ಹತ್ತಿ ಬಂಡಿಯವನೊಬ್ಬ ಅಂಗಡಿಯಲ್ಲಿ ಬಾಯಿ ಬಿಟ್ಟಿದ್ದನಂತೆ: ನಿಮ್ಮ ಬೀಗರ ಹುಡುಗಿ ಮೊಳಕಾಲ್ಮೂರು ಆಸ್ಪತ್ರೆಯಲ್ಲಿ ಅವಳೆ. ಅವನು ಮನೆಯಲ್ಲಿ ರೇಷ್ಮೆ ಸೀರೆ ವ್ಯಾಪಾರವೆಂದು ಹೇಳಿ ಹೊರಟಿದ್ದ.

ಅಜ್ಜಿಗೆ ಅಳಿಯನೆಂದರೆ ಹೆದರಿಕೆ, ಅವನು ತಂದ ಜೇನುತುಪ್ಪವೆಂದರೆ ಪ್ರೀತಿ. ಮೂಲೆಯಲ್ಲಿ ಕೂತು ಬತ್ತಿ ಹೊಸೆಯುತ್ತ, ಕೇಳದವಳಂತೆ ಎಲ್ಲ ಕೇಳುತ್ತಿದ್ದಳು.

"ಮುಖ ಆ ಕಡೆ, ಬೆನ್ನು ಈ ಕಡೆ," ಎಂದ ಅವನು, ಬಾಗಿಲ ಬಳಿಯ ಮಣೆಯ ಮೇಲೆ ಕೂತು. "ಬೆನ್ನಿನ ಕೂಡೆ ಮಾತಾಡ್ಲಾ?"

ಬೆನ್ನು ಸುಮ್ಮನಿತ್ತು.

"ಬೆನ್ನು ಚೆನ್ನಾಗೇ ಐತೆ. ಸಿಟ್ಟು ಸ್ವಲ್ಪ ಜಾಸ್ತಿ."

ಸೆರಗಿನ ಒಳಗೆ ಕೊಟ್ರಮ್ಮನ ತುಟಿ ಅಲುಗಿತು. ನಗಬಾರದೆಂದು ಗಾಯದ ನಾಲಿಗೆಯನ್ನು ಹಲ್ಲಿಗೆ ಒತ್ತಿದಳು.

"ಮದುವೇಲಿ ನೀ ಅಳ್ತಿದ್ದೆ. ಸುಮ್ಮನಿರು ಅಂತ ನಾ ಬೆಲ್ಲ ಕೊಟ್ಟೆ. ಬೆಲ್ಲದ ಕೂಡೆ ನನ್ನ ಬೆರಳೂ ಕಚ್ಚಿದೆ."

"ಕಚ್ಚಿಲ್ಲ," ಎಂದಿತು ಬೆನ್ನು.

"ಕಚ್ಚಿದೆ. ಗುರುತು ಇನ್ನೂ ಐತೆ. ಬೇಕಾದ್ರೆ ನೋಡು."

ಅವಳು ತಿರುಗಿದಳು. ಅವನು ತೋರುಬೆರಳನ್ನು ಬಿಸಿಲಿಗೆ ಹಿಡಿದಿದ್ದ. ಅಲ್ಲಿ ಗುರುತೂ ಇರಲಿಲ್ಲ, ಗಾಯವೂ ಇರಲಿಲ್ಲ. ಬೆರಳಿನ ಆಚೆ ಅವನ ಕಣ್ಣು, ಅದರ ಮೂಲೆಯಲ್ಲಿ ನಗುವಿಗೆ ಬಿದ್ದ ಸಣ್ಣ ಗೆರೆ. ಅವಳ ನೋಟ ಅಲ್ಲಿಗೆ ಹೋಗಿ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳುವುದಕ್ಕೆ ಸ್ವಲ್ಪ ಹೊತ್ತೇ ಹಿಡಿಯಿತು.

"ಸುಳ್ಳು ಹೇಳ್ತೀರಾ."

"ತಿರುಗಿದೆಯಲ್ಲ, ಅಷ್ಟು ಸಾಕು."

ಅಂದಿನಿಂದ ಅವಳು ಪೂರಾ ಗೋಡೆ ಕಡೆಗೂ ಅಲ್ಲ, ಪೂರಾ ಅವನ ಕಡೆಗೂ ಅಲ್ಲ, ಕಿಟಕಿಯ ಕಡೆಗೆ ಕೂರುವುದನ್ನು ಕಲಿತಳು. ಕಿಟಕಿಯ ಹೊರಗೆ ಬಂಡೆಗಳನ್ನು ಪೇರಿಸಿಟ್ಟಂಥ ಗುಡ್ಡ. ಕೆಳಗಿನ ಕೇರಿಯಿಂದ ಮಗ್ಗದ ಸದ್ದು ಬರುತ್ತಿತ್ತು. ಕಣ್ಣು ಗುಡ್ಡದ ಮೇಲೆ ಇದ್ದರೂ ಅವನು ಕಾಲಿನ ಹೆಬ್ಬೆರಳಿನಿಂದ ನೆಲದಲ್ಲಿ ಏನು ಗೀರುತ್ತಿದ್ದಾನೆ ಎಂಬುದು ಅವಳಿಗೆ ಕಾಣುತ್ತಿತ್ತು.

ಆದರೆ ಅವನು ಎದ್ದು ಹೋದ ಮೇಲೆ ನಾಚಿಕೆ ಹಿಂದಿರುಗಿ ಬರುತ್ತಿತ್ತು. ಇವತ್ತು ನಗುತ್ತಾನೆ. ಅದು ಬಂದಾಗ ಬಾಯಿಂದ ನೊರೆ ಬರುತ್ತದಂತೆ. ಉಟ್ಟ ಸೀರೆ ಒದ್ದೆಯಾಗುವುದಂತೂ ಅವಳಿಗೇ ಗೊತ್ತು. ಎದ್ದಾಗಲೆಲ್ಲ ಅವ್ವ ಮಾತಾಡದೆ ಬೇರೆ ಸೀರೆ ತಂದು ಎಸೆದು ಹೋಗುತ್ತಿದ್ದಳು. ಆ ಮೌನ ಅವಳಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಒಂದು ದಿನ ಅವಳೇ ಹೇಳಿದಳು. "ಇನ್ನೊಂದು ಮದುವೆ ಮಾಡ್ಕೊಳ್ರಿ. ಯಾರೂ ತಪ್ಪು ಅನ್ನಲ್ಲ."

"ನಮ್ಮವ್ವನೂ ಅದನ್ನೇ ಅಂತಾಳೆ. ಈ ಸುಗ್ಗಿ ಒಳಗೆ ಕಳಿಸದಿದ್ರೆ ಬೇರೆ ಹೆಣ್ಣು ನೋಡ್ತಾಳಂತೆ. ಅದಕ್ಕೇ ನಾನೇ ನೋಡ್ಕೊಂಡು ಬರಾಣ ಅಂತ ಬಂದೆ."

"ನೋಡೋಕೇನೈತೆ?"

"ಏನೈತೆ ಅಂತಾನೇ ನೋಡೋಕೆ." ಆಮೇಲೆ ಸ್ವಲ್ಪ ತಡೆದು ಕೇಳಿದ, "ಅದು ಬಂದಾಗ ಹೆಂಗಾಗುತ್ತೆ?"

"ನಂಗೇನು ಗೊತ್ತು. ನಾ ಆಗ ಇರಲ್ಲ."

ಯಾರೂ ಅವಳನ್ನು ಇದುವರೆಗೆ ಹಾಗೆ ಕೇಳಿರಲಿಲ್ಲ. ಅವಳೂ ಇದುವರೆಗೆ ಹಾಗೆ ಹೇಳಿರಲಿಲ್ಲ. ಹೇಳಿದ ಮೇಲೆ ಅದು ಎಷ್ಟು ನಿಜವೆಂದು ಅವಳಿಗೇ ದಿಗಿಲಾಯಿತು. ತನ್ನ ಮೈಗೆ ಆಗುವುದು ತನಗೆ ಗೊತ್ತಿಲ್ಲ, ಅಪ್ಪನಿಗೆ ಗೊತ್ತಿಲ್ಲ, ಅವ್ವನಿಗೆ ಗೊತ್ತಿಲ್ಲ. ಆ ಹೊತ್ತಿನಲ್ಲಿ ತಾನು ಕಂಬಳಿಯ ಕೆಳಗೆ ಒಬ್ಬಳೇ. ಅಲ್ಲ, ಒಬ್ಬಳೂ ಅಲ್ಲ, ತಾನೂ ಇಲ್ಲ.

"ಒಂದು ಮಾತು ಕೊಡ್ರಿ," ಎಂದಳು. "ಅದು ಬಂದ್ರೆ ನೀವು ಎದ್ದು ಹೊರಗೆ ಹೋಗ್ಬೇಕು. ನೋಡಬಾರದು."

"ಡಾಕ್ಟರು ನೋಡು ಅಂದವ್ರೆ. ಅವರು ಹಳ್ಳಿ ಮೇಲೆ ಹೋದಾಗ ಯಾರಾದ್ರೂ ನೋಡಬೇಕಲ್ಲ."

"ಅಜ್ಜಿ ನೋಡ್ತಾಳೆ. ಕರಿಯಕ್ಕ ನೋಡ್ತಾಳೆ. ಊರೆಲ್ಲ ನೋಡ್ಲಿ. ನೀವು ಬ್ಯಾಡ."

"ಯಾಕೆ?"

ಯಾಕೆಂದರೆ ನೀವು ಅವತ್ತು ಬೆರಳು ತೋರಿಸಿ ನನ್ನನ್ನು ತಿರುಗಿಸಿದಿರಿ, ಆ ಮುಖವೇ ನಿಮ್ಮ ಕಣ್ಣಲ್ಲಿ ಉಳಿಯಲಿ. ಇದನ್ನು ಅವಳು ಹೇಳಲಿಲ್ಲ. "ಸುಮ್ಮನೆ," ಎಂದಳು.

ಅವನು ಅವಳನ್ನು ನೋಡಿ, ಹೂಂ ಎಂದ.

*

ಡಾಕ್ಟರು ಸಿಡುಬಿನ ದಾಕು ಹಾಕಲು ಸಿದ್ದಾಪುರದ ಕಡೆಗೆ ಹೋಗಿದ್ದ ದಿನ. ಕೋಣೆಯಲ್ಲಿ ಕಂಬಳಿ ಇರಕೂಡದೆಂದು ಹೇಳಿ, ಅಜ್ಜಿಯದನ್ನು ತಾವೇ ತೆಗೆಸಿ ಬೀರುವಿನಲ್ಲಿ ಇಡಿಸಿದ್ದರು. ಆದರೆ ಅಜ್ಜಿ ಹುಟ್ಟಿದ್ದೇ ಕಂಬಳಿ ಹೊದ್ದುಕೊಂಡು. ಅವಳಿಗೆ ಈ ಸೀಮೆಯಲ್ಲಿ ಇನ್ನೊಂದು ಕಂಬಳಿ ಸಿಗದೆ ಹೋಗುತ್ತದೆಯೇ. ಕರಿಯಕ್ಕನಿಂದ ಕೇಳಿ ತಂದು ಹಾಸಿಗೆಯ ಕೆಳಗೆ ಬಚ್ಚಿಟ್ಟಿದ್ದಳು.

ಊಟವಾದ ಮೇಲಿನ ಹೊತ್ತು. ಜಯದೇವಪ್ಪ ತನ್ನ ಅಂಗಡಿಯ ಕತೆ ಹೇಳುತ್ತಿದ್ದ. ಹತ್ತಿ ತುಂಬಿದ ಅಂಡಿಗೆಯ ಮೇಲೆ ಮಲಗಿದ ಅವನ ಚಿಕ್ಕಪ್ಪನನ್ನು ಆಳುಗಳು ನೋಡದೆ ಅಂಡಿಗೆಯ ಕೂಡೆಯೇ ಬಂಡಿಗೆ ಹೇರಿದ್ದು, ಚಿಕ್ಕಪ್ಪನಿಗೆ ಎಚ್ಚರವಾದದ್ದು ಮುಂದಿನ ಊರು ನನ್ನಿವಾಳದ ಹತ್ತಿರ.

"ಎದ್ದೋರು ಏನಂದ್ರು?"

"ಲೇ, ಅಂಗಡಿ ಯಾಕೆ ಅಲ್ಲಾಡ್ತೈತೆ ಅಂದ್ರಂತೆ."

ಕೊಟ್ರಮ್ಮ ನಕ್ಕಳು. ಸೆರಗು ಜಾರಿದ್ದನ್ನೂ ಗಮನಿಸದೆ, ಕತ್ತು ಹಿಂದಕ್ಕೆ ಚೆಲ್ಲಿ ನಕ್ಕಳು. ಅವನು ಕತೆ ನಿಲ್ಲಿಸಿ ಆ ನಗುವನ್ನೇ ನೋಡುತ್ತಿದ್ದ. ಅವಳಿಗದು ಗೊತ್ತಾಯಿತು. ಗೊತ್ತಾಗಿ ಕೆನ್ನೆ ಬಿಸಿಯಾಗುವಷ್ಟರಲ್ಲಿ, ಎಲ್ಲಿಂದಲೋ ಪ್ರತಿಸಲದ ಹಾಗೆ ಬೆಲ್ಲದ ಪಾಕ ಸೀದ ವಾಸನೆ ಬಂತು.

ಆಸ್ಪತ್ರೆಯಲ್ಲಿ ಯಾರೂ ಬೆಲ್ಲ ಕಾಯಿಸುತ್ತಿರಲಿಲ್ಲ.

"ಹೋಗ್ರಿ," ಎಂದಳು. "ಹೊರಗೆ ಹೋಗ್ರಿ, ಮಾತು ಕೊಟ್ಟಿದ್ರಿ—"

*

ಕಣ್ಣು ಬಿಟ್ಟಾಗ ಹೆಂಚು ಕಂಡಿತು. ಒಂದು ಗುಬ್ಬಿ ಬಾಯಲ್ಲಿ ಹುಲ್ಲೆಳೆ ಕಚ್ಚಿಕೊಂಡು ಜಂತಿಯ ಮೇಲೆ ಕೂತಿತ್ತು.

ಅವಳಿಗೆ ಮೊದಲು ಇದೇನೆಂದೇ ತಿಳಿಯಲಿಲ್ಲ. ಯಾವಾಗಲೂ ಎಚ್ಚರವೆಂದರೆ ಕತ್ತಲು, ಉಣ್ಣೆಯ ಕಮಟು, ಮೂಗಿಗೆ ಚುಚ್ಚುವ ಕೂದಲು. ಈಗ ಬರೀ ಬೆಳಕು. ಆ ಬೆಳಕೇ ಅವಳನ್ನು ಬೆತ್ತಲೆ ಮಾಡಿದಂತಾಯಿತು. ಸೊಂಟದ ಕೆಳಗೆ ಒದ್ದೆ. ಅದರ ಮೇಲೆ ಯಾರದೋ ಗಂಡಸಿನ ಶಲ್ಯ.

ತಲೆಯ ಕೆಳಗೊಂದು ಅಂಗೈ ಇತ್ತು. ಅದರ ಗೆಣ್ಣುಗಳು ನೆಲಕ್ಕೆ ಉಜ್ಜಿ ತರಚಿದ್ದವು. ಅವನು ಪಕ್ಕದಲ್ಲಿ ಮಂಡಿಯೂರಿ ಕೂತಿದ್ದ. ಮುಖ ಬಿಳಿಚಿಕೊಂಡಿತ್ತು.

ಮೂಲೆಯಲ್ಲಿ ಸಿದ್ದಕ್ಕಜ್ಜಿ ಅಳುತ್ತಿದ್ದಳು. "ನಾ ಹೊದಿಸಿದ್ದೆ ಕಣವ್ವ. ಎಳೆದು ಬಿಸಾಕಿಬಿಟ್ರು ಅಳಿಯಂದ್ರು. ನಾ ಏನ್ ಮಾಡ್ಲಿ, ಎಳೆದು ಬಿಸಾಕಿಬಿಟ್ರು."

ಕೊಟ್ರಮ್ಮ ಕಣ್ಣು ಮುಚ್ಚಿದಳು. ರೆಪ್ಪೆಯ ಸಂದಿನಿಂದ ನೀರು ಕಿವಿಗೆ ಇಳಿಯಿತು. ಒರೆಸಿಕೊಳ್ಳಲು ಎಡಗೈ ಏಳಲಿಲ್ಲ. ಅವನೂ ಒರೆಸಲಿಲ್ಲ. ಮುಟ್ಟಿದರೆ ಅವಳು ಇನ್ನಷ್ಟು ಕುಗ್ಗುತ್ತಾಳೆಂದು ಅವನಿಗೆ ಹೇಗೋ ತಿಳಿದಿತ್ತು. ಕರಿಯಕ್ಕನನ್ನು ಕೂಗಿ ಕರೆದು, ಎದ್ದು ಹೊರಗೆ ಹೋದ.

ಡಾಕ್ಟರು ಬಂದದ್ದು ಹೊತ್ತಿಳಿಯುವಾಗ. ಬಾಗಿಲ ಆಚೆ ಅವರ ಮೇಜು. ಸೀರೆ ಬದಲಿಸಿ ಮಲಗಿದ್ದ ಕೊಟ್ರಮ್ಮನಿಗೆ ಒಂದೊಂದು ಮಾತೂ ಕೇಳುತ್ತಿತ್ತು. ಕಿವಿ ಮುಚ್ಚಿಕೊಳ್ಳಬೇಕೆಂದುಕೊಂಡಳು, ಮುಚ್ಚಿಕೊಳ್ಳಲಿಲ್ಲ.

"ಮೊದಲಿಂದ ಹೇಳಪ್ಪ. ಏನೂ ಬಿಡಬೇಡ, ಏನೂ ಸೇರಿಸಬೇಡ."

"ನಗ್ತಾ ಇದ್ಲು ಸ್ವಾಮಿ. ಏನೋ ಸೀದಂಗೆ ಮೂಗು ಮುರಿದ್ಲು. ಎಡಗೈ ಹೆಬ್ಬೆರಳು ಒಳಗೆ ಮಡಚ್ಕೊಂತು. ಆಮೇಲೆ ಆ ಕೈ ಅದುರೋಕೆ ಹತ್ತಿತು. ಬಲಗೈ ಆಗಿನ್ನೂ ಸುಮ್ಮನಿತ್ತು."

"ಗಟ್ಟಿಯಾಗಿ ಹೇಳ್ತೀಯಾ? ಎಡಗೈಯೇ ಮೊದಲು?"

"ಹೌದು ಸ್ವಾಮಿ. ಅಷ್ಟೊತ್ತಿಗೆ ಅಜ್ಜಿ ಕಂಬಳಿ ಹಾಕಿದ್ರು, ಅದನ್ನ ಎಳೆದು ಹಾಕ್ದೆ. ಮುಖ ಎಡಕ್ಕೆ ತಿರುಗ್ತು, ಆ ಕಡೆಯಿಂದ ಯಾರೋ ಕರೆದಂಗೆ. ಕಣ್ಣು ತೆರೆದೇ ಇದ್ವು. ನನ್ನ ಕಡೆ ಇದ್ವು, ನನ್ನ ನೋಡ್ತಿರಲಿಲ್ಲ. ಒಂದು ಕೂಗು ಬಂತು. ಆಮೇಲೆ ಮೈಯೆಲ್ಲ ಸೆಟ್ಕೊಂಡು ಬಿದ್ಲು. ತುಟಿ ನೀಲಿ ಆಯ್ತು. ಕೈಕಾಲೆಲ್ಲ ಒದ್ಕೊಂಡ್ಲು. ಬಾಯಲ್ಲಿ ನೊರೆ, ಸ್ವಲ್ಪ ರಕ್ತ." ಅವನು ತಡೆದ. "ಬಟ್ಟೆ ಒದ್ದೆ ಆಯ್ತು."

ಗೋಡೆಯ ಈಚೆ ಕೊಟ್ರಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ಎಷ್ಟು ಹೊತ್ತು?"

"ಒಂದು ಎಲೆ ಅಡಿಕೆ ಮಡಚಿ ಬಾಯಿಗೆ ಹಾಕ್ಕೊಳ್ಳೋಷ್ಟು. ನಂಗೆ ಒಂದು ದಿನ ಆದಂಗಾಯ್ತು."

"ಹೆದರಿಕೆ ಆಗ್ಲಿಲ್ವೇನಯ್ಯ?"

"ಆಯ್ತು. ಎದ್ದು ಓಡಾಣ ಅನ್ನಿಸ್ತು. ಹೊರಗೆ ಹೋಗ್ತೀನಿ ಅಂತ ಅವಳಿಗೆ ಮಾತೂ ಕೊಟ್ಟಿದ್ದೆ." ದನಿ ಇನ್ನಷ್ಟು ಸಣ್ಣದಾಯಿತು. "ಆದ್ರೆ ನಾನೂ ಆ ಕಡೆ ತಿರುಗಿದ್ರೆ ಅವಳ ಕೂಡೆ ಯಾರೂ ಇರಲ್ಲ ಅನ್ನಿಸ್ತು ಸ್ವಾಮಿ."

ಡಾಕ್ಟರು ಒಳಗೆ ಬಂದರು. ಅವಳ ಎಡಗೈಯಿಂದ ತಮ್ಮ ಬೆರಳು ಹಿಡಿಸಿ ನೋಡಿದರು; ಹಿಡಿತ ಇನ್ನೂ ಸಡಿಲವಾಗಿತ್ತು. ತಲೆಗೂದಲ ನಡುವೆ ಬೆರಳಾಡಿಸಿ, ಬಲಗಡೆ ಕಿವಿಯ ಮೇಲೆ ಹಳೆಯದೊಂದು ಗಾಯದ ಏಣು ಕಂಡು ಕೇಳಿದಾಗ ಅಜ್ಜಿ ತಡವರಿಸಿದಳು. "ಕೂಸಿದ್ದಾಗ ಬಂಡಿಯಿಂದ ಬಿದ್ದಿದ್ಲು. ಬಂಡೆಗೆ ಬಡೀತು. ಅದು ಆವಾಗಲೇ ಮಾಯ್ದೋಯ್ತಲ್ಲ."

"ಮೇಲೆ ಮಾಯ್ದಿದೆ ಅಜ್ಜಿ. ಒಳಗೆ ಕಲೆ ಉಳಿದಿದೆ. ಇದು ಗಾಳಿಯಲ್ಲ, ನಟನೆ ಅಲ್ಲ, ಮನಸ್ಸಿನದೂ ಅಲ್ಲ. ಮೂರ್ಛೆ ರೋಗ." ಅವರು ಕೊಟ್ರಮ್ಮನ ಕಡೆಗೇ ತಿರುಗಿ ಹೇಳಿದರು. "ಉಪ್ಪುಪ್ಪಾದ ನೀರೌಷಧಿ ಕೊಡ್ತೀನಿ ತಾಯಿ, ಬ್ರೋಮೈಡ್ ಅಂತ. ಬರೋದು ಕಡಿಮೆ ಆಗಬಹುದು. ಪೂರ್ತಿ ನಿಲ್ಲುತ್ತೆ ಅಂತ ನಾನು ಸುಳ್ಳು ಹೇಳಲ್ಲ. ಬೆಂಕಿ ಮುಂದೆ, ಬಾವಿ ಕಟ್ಟೆ ಮೇಲೆ ಒಬ್ಬಳೇ ಇರಬೇಡ. ಬಂದಾಗ ಮುಖ ಮುಚ್ಚಕೂಡದು. ಪಕ್ಕಕ್ಕೆ ತಿರುಗಿಸಿ ಮಲಗಿಸಬೇಕು, ಉಸಿರಾಡೋಕೆ ಬಿಡಬೇಕು. ಅಷ್ಟೇ."

ಎರಡು ವರ್ಷ ಯಾರೂ ಬಾಯಿಬಿಟ್ಟು ಹೇಳದಿದ್ದದ್ದಕ್ಕೆ ಒಂದು ಹೆಸರು ಬಂತು. ಸಮಾಧಾನವಾಗಬೇಕಿತ್ತು. ಅವಳಿಗೆ ಅಳು ಬಂತು.

*

ಮರುದಿನ ಅವನು ಮಣೆಯ ಮೇಲೆ ಕೂತು ತನ್ನ ತರಚಿದ ಕೈಯನ್ನೇ ನೋಡುತ್ತಿದ್ದ.

"ಮಾತು ಮುರಿದ್ರಿ," ಎಂದಳು ಕೊಟ್ರಮ್ಮ.

"ಹೂಂ. ಮುರಿದೆ."

"ತಪ್ಪಾಯ್ತು ಅಂತನಾದ್ರೂ ಅನ್ರಿ."

"ಆಗಿದ್ರೆ ಅಂತಿದ್ದೆ."

ಅವಳು ಕಿಟಕಿಯ ಕಡೆ ನೋಡಿದಳು. ಕೇಳಬಾರದೆಂದುಕೊಂಡಿದ್ದ ಮಾತು ತಾನಾಗಿಯೇ ಬಾಯಿಗೆ ಬಂತು. "ಹೆಂಗಿತ್ತು ನನ್ನ ಮುಖ?"

"ಚೆಂದ ಇರಲಿಲ್ಲ."

ಅವನು ಸುಳ್ಳು ಹೇಳುತ್ತಾನೆಂದುಕೊಂಡಿದ್ದಳು. ಸುಳ್ಳಿಗೆ ಸಿದ್ಧವಾಗಿದ್ದಳು, ನಿಜಕ್ಕಲ್ಲ.

"ಆಮೇಲೆ ನಿದ್ದೆ ಹೋದೆಯಲ್ಲ," ಎಂದ ಅವನು, ಕೈಯಿಂದ ಕಣ್ಣೆತ್ತದೆ. "ಆಗ ಚೆಂದ ಇತ್ತು. ಹಂಗೇ ನೋಡ್ತಾ ಕೂತೆ. ಕೈ ಜೋಮು ಹಿಡೀತು, ತೆಗೀಲಿಲ್ಲ."

ಹೀಗೆಲ್ಲ ಮಾತಾಡುತ್ತಾರೆಯೇ ಅಜ್ಜಿಯ ಮುಂದೆ. ಬತ್ತಿ ಹೊಸೆಯುವ ಅಜ್ಜಿ ಎದ್ದು, ನೀರಿನ ತಂಬಿಗೆ ತುಂಬಿದ್ದರೂ ನೀರು ತರಲು ಹೋದಳು. ಕೊಟ್ರಮ್ಮ ಮೆಲ್ಲಗೆ ಅವನ ಕಡೆ ತಿರುಗಿದಳು. ಈ ಸಲ ಅವನು ಬೆರಳು ತೋರಿಸಬೇಕಾಗಲಿಲ್ಲ. ಅವನೂ ಕಣ್ಣೆತ್ತಿದ. ಆ ಕಣ್ಣು ನಿನ್ನೆ ಏನೇನು ಕಂಡಿತ್ತೆಂದು ನೆನೆದಾಗ ಅವಳ ಮೈ ಸಣ್ಣಗಾಯಿತು. ಆದರೂ ನೋಟ ಕೆಳಗಿಳಿಸಲಿಲ್ಲ. ಮುಚ್ಚಿಡುವುದಕ್ಕೆ ಇನ್ನೇನು ಉಳಿದಿದೆ ಎಂಬ ಒಂದು ವಿಚಿತ್ರ ಹಗುರ ಅವಳೊಳಗೆ ಬಂದಿತ್ತು.

"ಬರ್ತೀಯಾ ನಮ್ಮ ಮನೆಗೆ?"

ಅವಳು ಉತ್ತರ ಹುಡುಕುವಷ್ಟರಲ್ಲಿ ಅವನೇ ಮುಂದುವರಿಸಿದ. "ಅವ್ವಗೆ ಇದೆಲ್ಲ ಹೇಳೋದು ಬ್ಯಾಡ. ಚಳಿಜ್ವರ ಆಗಿತ್ತು, ಔಷಧಿ ತಗೊಂತಾಳೆ ಅಂದ್ರಾಯ್ತು. ಬಂದಾಗ ನಾ ಕೋಣೆ ಬಾಗ್ಲು ಹಾಕ್ಕೊಂತೀನಿ. ಯಾರ್ಗೂ ತಿಳಿಯಲ್ಲ."

ಹಗುರವಾಗಿದ್ದದ್ದು ಮತ್ತೆ ಭಾರವಾಯಿತು.

"ನೀವು ಅಂಗಡೀಲಿದ್ದಾಗ ಬಂದ್ರೆ?"

"ಅದು... ನೋಡಾಣ."

"ನಿಮಗೂ ನಾಚಿಕೆ ಐತೆ," ಎಂದಳು ಅವಳು.

ಅವನ ಕಿವಿ ಕೆಂಪಾದವು. ಚಳ್ಳಕೆರೆಯ ಪೇಟೆ ಅವನ ಮುಖದ ಮೇಲೆ ಹಾದುಹೋದದ್ದು ಅವಳಿಗೆ ಕಂಡಿತು: ಅಂಗಡಿ ಕಟ್ಟೆಯ ಮೇಲೆ ಕೂತವರು, ಜಯದೇವನ ಹೆಂಡ್ತಿಗೆ ಮೂರ್ಛೆಯಂತೆ ಎನ್ನುವ ಬಾಯಿಗಳು. ಅವಳಿಗೆ ಸಿಟ್ಟು ಬರಲಿಲ್ಲ. ಆ ನಾಚಿಕೆ ಅವಳಿಗೆ ಅಷ್ಟು ಪರಿಚಯ.

"ನಮ್ಮನೇಲೂ ಹಿಂಗೇ ಶುರುವಾಗಿದ್ದು," ಎಂದಳು. "ನಮ್ಮಜ್ಜಿ ಪ್ರೀತಿಯಿಂದಲೇ ಹೊದಿಸಿದ್ಲು. ನೀವು ಕಂಬಳಿ ಬದ್ಲಿಗೆ ಬಾಗ್ಲು ಹಾಕ್ತೀರಾ. ನಾ ಬರಲ್ಲ. ಅತ್ತೆಗೆ ಗೊತ್ತಾಗಿ ಬ್ಯಾಡ ಅಂದ್ರೆ ಕೊಂಡ್ಲಹಳ್ಳೀಲಿ ಇರ್ತೀನಿ. ಮುಚ್ಕೊಂಡು ಬರಲ್ಲ."

ಜಯದೇವಪ್ಪ ಎದ್ದ. ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡ. ಬಾಗಿಲು ದಾಟಿ ಹೋದ.

ನೀರು ತಂದ ಅಜ್ಜಿ ತಂಬಿಗೆಯನ್ನು ಠಣ್ಣೆಂದು ಇಟ್ಟಳು. "ಹಾಳಾದೋಳೇ. ಇಂಥ ಗಂಡನ್ನ ಯಾರಾದ್ರೂ ಹಿಂಗೆ ಕಳಿಸ್ತಾರಾ? ಹೂಂ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಅವಳು ಮುಂದಿನ ದಿನಗಳಲ್ಲಿ ಉಪ್ಪು ನೀರು ಕುಡಿದಳು, ಮಂಪರಿನಲ್ಲಿ ಮಲಗಿದಳು, ಎದ್ದಾಗ ಮಣೆ ಖಾಲಿ ಇರುವುದನ್ನು ನೋಡಿದಳು. ಬಾಗಿಲ ಬೆಳಕಿಗೆ ಯಾರು ಅಡ್ಡ ಬಂದರೂ ಎದೆ ಎದ್ದು ಕೂರುತ್ತಿತ್ತು. ಒಮ್ಮೆ ಕಾಂಪೌಂಡರು, ಒಮ್ಮೆ ಕರಿಯಕ್ಕ, ಒಮ್ಮೆ ದಾರಿತಪ್ಪಿ ಬಂದ ಮೇಕೆ. ಸರಿಯಾದುದನ್ನೇ ಹೇಳಿದೆನೆಂದು ಹಗಲೆಲ್ಲ ಅಂದುಕೊಳ್ಳುತ್ತಿದ್ದಳು. ಹಾಗಂದುಕೊಂಡ ಮಾತ್ರಕ್ಕೆ ಯಾರೂ ಬರುವುದಿಲ್ಲವಲ್ಲ ಎಂದು ಮತ್ತೆ ಅಳುತ್ತಿದ್ದಳು.

*

ಆಸ್ಪತ್ರೆ ಬಿಡುವ ದಿನ ಅಪ್ಪನ ಬಂಡಿಗೆ ಕಾಯುತ್ತಿದ್ದಾಗ ಬೇರೊಂದು ಬಂಡಿ ಬಂತು. ಕಮಾನು ಕಟ್ಟಿದ್ದ, ಬಿಳಿ ಎತ್ತಿನ ಬಂಡಿ. ಅದರಿಂದ ದಪ್ಪ ಕಾಲುಗಡಗದ, ಹಣೆತುಂಬ ವಿಭೂತಿಯ ಹೆಂಗಸೊಬ್ಬಳು ಇಳಿದು, ಯಾರನ್ನೂ ಕೇಳದೆ ನೇರವಾಗಿ ಒಳಗೆ ಬಂದು ಮಂಚದ ಮೇಲೆ ಕೂತಳು. ಸಿದ್ದಕ್ಕಜ್ಜಿ ಬೀಗಿತ್ತಿಯ ಗುರುತು ಹಿಡಿದು ಎದ್ದು ನಿಂತವಳು ಹಾಗೆಯೇ ಗೋಡೆಗೆ ಅಂಟಿಕೊಂಡಳು.

"ಇವ ಬಂದ," ಎಂದಳು ಅತ್ತೆ, ಬಾಗಿಲ ಹೊರಗೆ ಕೈ ತೋರಿಸಿ. "ಊಟ ಮಾಡ್ಲಿಲ್ಲ. ಏನಾಯ್ತೋ ಅಂದ್ರೆ, ಅವಳು ಹೇಳ್ತಾಳೆ, ಕೇಳ್ಕೊಂಡು ಬಾ ನಡಿ ಅಂತಾನೆ. ಏನವ್ವ ಅದು ಹೇಳೋದು?"

ಹೊರಗೆ ಜಯದೇವಪ್ಪ ಎತ್ತುಗಳನ್ನು ಬಿಚ್ಚಿ ಹುಲ್ಲು ಹಾಕುತ್ತಿದ್ದ. ಎತ್ತಿನ ಕಡೆ ಮುಖ, ಇತ್ತ ಕಡೆ ಕಿವಿ.

ಅವನು ಹೇಳಿರಲಿಲ್ಲ. ಹೇಳುವ ಮಾತನ್ನು ಅವಳಿಗೇ ಬಿಟ್ಟಿದ್ದ. ಕೊಟ್ರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆ ಪದವನ್ನು ಅವಳು ತನ್ನ ಬಾಯಿಂದ ಒಮ್ಮೆಯೂ ಹೇಳಿರಲಿಲ್ಲ.

"ನಂಗೆ ಮೂರ್ಛೆ ಬರ್ತೈತೆ ಅತ್ತೆ."

ಅತ್ತೆಯ ಕಾಲುಗಡಗ ಅಲುಗುವುದು ನಿಂತಿತು.

"ಬಿದ್ದೋಗ್ತೀನಿ. ಕೈಕಾಲು ಒದ್ಕೊಂತೀನಿ. ಬಟ್ಟೆ ಒದ್ದೆ ಆಗುತ್ತೆ." ಕಣ್ಣೀರು ಸುರಿಯುತ್ತಿದ್ದರೂ ಅವಳು ನಿಲ್ಲಿಸಲಿಲ್ಲ. "ಔಷಧಿ ಐತೆ. ನಿಲ್ಲುತ್ತೋ ಇಲ್ವೋ ಗೊತ್ತಿಲ್ಲ. ಮೊದಲೇ ಹೇಳಬೇಕಿತ್ತು. ಹೇಳಲಿಲ್ಲ."

ಕೆಳಗಿನ ಕೇರಿಯ ಮಗ್ಗದ ಸದ್ದು ಬಹಳ ಹೊತ್ತು ಕೇಳಿತು. ಅತ್ತೆ ಸೊಸೆಯನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಆ ನೋಟದಲ್ಲಿ ಮಮತೆಯೇನೂ ಇರಲಿಲ್ಲ. ಆದರೆ ಅದು ಆಚೆ ತಿರುಗಲೂ ಇಲ್ಲ.

"ನಿಮ್ಮವ್ವ ನಂಗೆ ಒಂದಲ್ಲ ಎರಡಲ್ಲ, ಸುಳ್ಳು ಹೇಳವಳೆ," ಎಂದಳು ಕೊನೆಗೆ. "ಸೂತಕ ಅಂತೆ, ಪ್ಲೇಗಂತೆ. ಅವಳ ಕೂಡೆ ನಾ ಜಗಳ ಆಡದೇ ಬಿಡಲ್ಲ. ಅದು ಬ್ಯಾರೆ." ಸೊಂಟದಿಂದ ಎಲೆ ಅಡಿಕೆ ಚೀಲ ತೆಗೆದು, ಮತ್ತೆ ಅದನ್ನು ಸಿಕ್ಕಿಸಿಕೊಂಡಳು. "ನನ್ನ ತಂಗಿಗೂ ಇತ್ತು. ಬಾವಿಗೆ ಬಿದ್ಲು. ಕಾಲು ಜಾರಿ ಬಿದ್ಲು ಅಂತ ಊರಿಗೆಲ್ಲ ಹೇಳಿದ್ವಿ. ಇವತ್ತಿಗೂ ಹಂಗೇ ಹೇಳ್ತೀವಿ."

ಅಜ್ಜಿ ಮೂಗು ಒರೆಸಿಕೊಂಡಳು.

"ಒಲೆ ಮುಂದೆ ಕೂರಂಗಿಲ್ಲ. ನೀರಿಗೆ ಹೋಗಂಗಿಲ್ಲ. ಕೂತ್ಕೊಂಡು ಮಾಡೋ ಕೆಲಸ ಬೇಕಾದಷ್ಟವೆ ನಮ್ಮನೇಲಿ, ಸುಮ್ಮನೆ ಕೂತಿರ್ತೀನಿ ಅಂದ್ಕೋಬ್ಯಾಡ." ಅತ್ತೆ ಎದ್ದಳು. "ಒಸಗೆಗೆ ದಿನ ನೋಡ್ಬೇಕು. ಅದಕ್ಕೆ ಮುಂಚೆ ನಿಮ್ಮಪ್ಪನ ಮನೆಗೆ ನಡಿ. ನಾನೂ ಬರ್ತೀನಿ, ನಿಮ್ಮವ್ವ ಸಿಗ್ಲಿ ಕೈಗೆ."

ಕೊಟ್ರಮ್ಮ ಗಂಟು ಎತ್ತಿಕೊಂಡು ಹೊರಗೆ ಬಂದಳು. ಬಿಸಿಲು ಕಣ್ಣಿಗೆ ಹೊಡೆಯಿತು. ಜಯದೇವಪ್ಪ ಎತ್ತಿನ ಕೊರಳು ತಿಕ್ಕುತ್ತ ನಿಂತಿದ್ದ. ಪಾಪ, ಆ ಎತ್ತಿನ ಕೊರಳನ್ನು ಅವನು ಎಷ್ಟು ಹೊತ್ತಿನಿಂದ ತಿಕ್ಕುತ್ತಿದ್ದನೋ. ಹುಬ್ಬೆತ್ತಿ, ಏನಾಯಿತೆಂದು ಕಣ್ಣಲ್ಲೇ ಕೇಳಿದ. ಅವಳು ಹೇಳಲಿಲ್ಲ. ಅಳುವಿನಿಂದ ಊದಿದ ಮುಖವನ್ನು ಸೆರಗಿಗೆ ಒತ್ತಿ ಒರೆಸಿಕೊಂಡಳು, ನಿಧಾನಕ್ಕೆ. ಇನ್ನೂ ಸ್ವಲ್ಪ ಹೊತ್ತು ಅವನು ಹಾಗೆಯೇ ನೋಡುತ್ತಿರಲಿ ಎನ್ನಿಸಿತು.

"ಏನಂದ್ಲು ಅವ್ವ?"

"ಎತ್ತು ಕಟ್ಟಬೇಕಂತೆ," ಎಂದಳು ಕೊಟ್ರಮ್ಮ.

ಅವನು ಅವಳ ಮುಖವನ್ನೇ ನೋಡುತ್ತ ಬಲದ ಎತ್ತನ್ನು ಎಡಕ್ಕೆ ಕಟ್ಟಿದ.